ಈರಪ್ಪನ ಗಂಟು

ಮೊರಬದ ನಮ್ಮ ಮನೆಯಲ್ಲಿ ದೇವರ ಜಗಲಿಗಿಂತ ಹೆಚ್ಚು ಮಡಿ ಇದ್ದದ್ದು ಪಡಸಾಲೆಯ ಒಂದು ಗೋಡೆಗೆ. ತಲೆಬಾಗಿಲು ದಾಟಿದರೆ ಮೊದಲು ಎತ್ತುಗಳು, ಆಮೇಲೆ ಮನುಷ್ಯರು. ಎರೆಮಣ್ಣಿನ ನಾಡಿನ ಮಾಳಿಗೆಮನೆಗಳ ಕ್ರಮವೇ ಅದು. ಕೆಳಗೆ ಗೋದಲಿ, ಮೊಣಕಾಲೆತ್ತರದ ಕಟ್ಟೆ ಹತ್ತಿದರೆ ಪಡಸಾಲೆ, ಅದರಾಚೆ ಬೆಳಕಿಂಡಿಯಿಂದ ಬೀಳುವ ಒಂದೇ ಚೌಕ ಬಿಸಿಲಿನಲ್ಲಿ ಬದುಕುವ ಅಡುಗೆಮನೆ. ಎತ್ತುಗಳ ಉಸಿರು ತಾಕುವಷ್ಟು ಹತ್ತಿರವಿದ್ದ ಆ ಗೋಡೆಗೆ ಹನ್ನೊಂದು ಗೂಟಗಳಿದ್ದವು, ಒಂದೊಂದು ಗೂಟಕ್ಕೆ ಒಂದೊಂದು ಹಗ್ಗ. ಎತ್ತು ಕಟ್ಟುವುದು, ಬಂಡಿಯ ಮೇಲೆ ಹೊಟ್ಟು ಬಿಗಿಯುವುದು, ಜೋಳ ತೆಗೆಯಲು ನೆಲದೊಳಗಿನ ಹಗೇವಿಗೆ ಇಳಿಯುವುದು, ತೊಟ್ಟಿಲಿಗೆ ಹಾಕುವುದು. ಕೊನೆಯ ಗೂಟದಲ್ಲಿ, ಎಲ್ಲಕ್ಕಿಂತ ದಪ್ಪಗೆ, ಸುತ್ತಿಕೊಂಡು ಕೂತದ್ದು ವರ್ಷಕ್ಕೆ ಒಂದೇ ಸಲ ಕೆಳಗಿಳಿಯುವ ಜೋಕಾಲಿ ಹಗ್ಗ.

ಅಷ್ಟೂ ಹಗ್ಗ ನಮ್ಮ ಈರಪ್ಪ ಕಾಕಾನ ಕೈಯವು. ಕಾಕಾ ಎಂದರೆ ಅಪ್ಪನ ತಮ್ಮ. ಆಗಿನ್ನೂ ಮದುವೆಯಾಗದವ, ಮಾತು ಕಡಿಮೆ. ಪುಂಡಿ ಕಟ್ಟಿಗೆಯನ್ನು ಹಳ್ಳದ ನೀರಿನಲ್ಲಿ ಕೊಳೆಹಾಕಿ, ನಾರು ಸುಲಿದು, ಒಣಗಿಸಿ, ತೊಡೆಯ ಮೇಲೆ ಹೊಸೆದು, ಮೂರು ಎಳೆ ಕೂಡಿಸಿ ಹುರಿ ಹಾಕುತ್ತಿದ್ದ. ಕೊಳೆತ ನಾರಿನ ವಾಸನೆ ತಡೆಯದೆ ಅವ್ವ ಸೆರಗನ್ನು ಮೂಗಿಗೆ ಹಿಡಿದರೆ ತಲೆ ಎತ್ತದೆ ಹೇಳುತ್ತಿದ್ದ:

“ವೈನಿ, ಹಗ್ಗ ಚಲೋ ಇದ್ರ ಎತ್ತು ಮನ್ಯಾಗ ಇರತಾವ. ಎತ್ತು ಇದ್ರ ನೀವು ಮೂಗು ಮುಚ್ಚಿಗೊಂಡು ಕುಂದ್ರಾಕ ಮನಿ ಇರತೈತಿ.”

ಆ ಗೋಡೆಯ ಕಾನೂನುಗಳು ಹಲವು. ಕೇಳದೆ ಹಗ್ಗ ಮುಟ್ಟಬಾರದು, ಹಸಿ ಬಟ್ಟೆ ಹಾಕಬಾರದು, ತೊಯ್ದ ಹಗ್ಗವನ್ನು ಒಣಗಿಸದೆ ಗೂಟಕ್ಕೆ ಏರಿಸಬಾರದು. ಅಮಾವಾಸ್ಯೆಗೊಮ್ಮೆ ಕಾಕಾ ಎಲ್ಲ ಹಗ್ಗ ಇಳಿಸಿ, ಕಣ್ಣು ಮುಚ್ಚಿಕೊಂಡು, ತುದಿಯಿಂದ ತುದಿಗೆ ಅಂಗೈಯೊಳಗೆ ಹಾಯಿಸುತ್ತಿದ್ದ. ಕಣ್ಣು ಯಾಕೆ ಮುಚ್ಚುತ್ತಿ ಎಂದು ಕೇಳಿದ್ದೆ.

“ಕಣ್ಣು ಸುಳ್ಳ ಹೇಳತೈತಿ ಶಕ್ಕು. ಅಂಗೈ ಹೇಳೂದಿಲ್ಲ.”

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಇದನ್ನು ನೋಡಿ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು: “ಹೆಣ್ಣ ನೋಡಾಕ ಹೋದಾಗರೆ ಆ ಹಗ್ಗ ಮನ್ಯಾಗ ಬಿಟ್ಟು ಹೋಗೋ ನಮ್ಮಪ್ಪಾ. ಹುಡುಗಿ ಅಂಜೀತು!”

ಈಗ ನನ್ನ ಹೊಟ್ಟೆಪಾಡೂ ಅಂಥದೇ ಒಂದು ಗೋಡೆ. ಕಾರವಾರದ ಆಚೆ ಒಂದು ಹಿನ್ನೀರಿನ ದಂಡೆಯಲ್ಲಿ ಹಾಯಿದೋಣಿ ನಡೆಸಲು ಕಲಿಸುವ ಸಣ್ಣ ಕೇಂದ್ರವಿದೆ. ಹರಿದ ಹಾಯಿ ಹೊಲಿಯಲು ಹೊಲಿಗೆಯಂತ್ರ ಬಲ್ಲವರನ್ನು ಹುಡುಕುತ್ತಿದ್ದರು. ಗಂಡನ ನೌಕರಿಯ ಹಿಂದೆ ಊರು ಬಿಟ್ಟು ಬಂದಿದ್ದ ನಾನು ಸಿಕ್ಕೆ. ಹಾಯಿಯಿಂದ ಹಗ್ಗಕ್ಕೆ, ಹಗ್ಗದಿಂದ ಹಾಯಿಕಂಬವನ್ನು ಸುತ್ತಲಿಂದ ಬಿಗಿದು ನಿಲ್ಲಿಸುವ ಉಕ್ಕಿನ ತಂತಿಗಳಿಗೆ ನನ್ನ ಬಡ್ತಿಯಾಯಿತು. ಈಜು ಬರುವುದಿಲ್ಲ. ದೋಣಿ ಹತ್ತಿದರೆ ವಾಂತಿ. ಆದರೂ ಅಲ್ಲಿ ಹದಿನೇಳು ಹಾಯಿಕಂಬಗಳು ನೆಟ್ಟಗೆ ನಿಂತಿರುವುದು ನನ್ನ ಅಂಜಿಕೆಯ ಬಲದ ಮೇಲೆ. ಅಂಜಿಕೆಗೆ ನನ್ನಲ್ಲಿ ಕೊರತೆಯಿಲ್ಲ. ಗ್ಯಾಸ್ ಆರಿಸಿದ್ದನ್ನು ಮೂರು ಸಲ ನೋಡುತ್ತೇನೆ, ಮೂರನೆಯ ಸಲ ನೋಡಿದ್ದು ನೆನಪಿಲ್ಲವೆಂದು ನಾಲ್ಕನೆಯ ಸಲ. ಮದುವೆಗೆ ಹೋದರೆ ವಧೂವರರಿಗಿಂತ ಮೊದಲು ಹಂದರದ ಗಂಟು ನೋಡುತ್ತೇನೆ. ಅಕ್ಷತೆ ಹಾಕುವ ಹೊತ್ತಿನಲ್ಲಿ ನನ್ನ ಮಗಳು ನನ್ನ ಗದ್ದ ಹಿಡಿದು ಮುಖವನ್ನು ಕೆಳಗೆ ಮಾಡಬೇಕಾಗುತ್ತದೆ.

ಹಾಯಿಕಂಬ ಬಿದ್ದಾಗ ಎಲ್ಲರೂ ಗಾಳಿಯ ಹೆಸರು ಹೇಳುತ್ತಾರೆ. ಗಾಳಿ ಪಾಪದ್ದು, ಕೊನೆಗೆ ಬಂದು ಕೈ ಹಚ್ಚುತ್ತದೆ ಅಷ್ಟೆ. ಅದಕ್ಕೂ ಬಹಳ ಮೊದಲೇ, ತಂತಿಯ ತುದಿ ಲೋಹದ ಕೊಳವೆಯೊಳಗೆ ಹೋಗುವ ಜಾಗದಲ್ಲಿ ಉಪ್ಪುನೀರು ಕೂತು ತುಕ್ಕು ಹಿಡಿದಿರುತ್ತದೆ. ಹಗ್ಗ ರಾಟೆಯ ಅಂಚಿಗೆ ಒರಸಿ ಒರಸಿ ಎಳೆ ಬಿಟ್ಟಿರುತ್ತದೆ. ಒಂದು ಕಡೆಯ ತಂತಿ ಸಡಿಲಾಗಿ, ಪ್ರತಿ ಅಲೆಗೂ ಕಂಬ ಒಂದಿಷ್ಟು ತೂಗಿ, ಲೋಹ ದಣಿದಿರುತ್ತದೆ. ಕಿರುಬೆರಳಿನಷ್ಟು ಪಿನ್ನೊಂದು ಜಾರಿ ನೀರು ಸೇರಿರುತ್ತದೆ. ತಡೆಯುವ ಉಪಾಯಗಳೋ, ನಗು ಬರುವಷ್ಟು ಸಣ್ಣವು. ಸಿಹಿನೀರಿನಲ್ಲಿ ತೊಳೆಯುವುದು. ಒರಸುವ ಜಾಗಕ್ಕೆ ಚರ್ಮವನ್ನೋ ಬಟ್ಟೆಯನ್ನೋ ಸುತ್ತುವುದು. ವರ್ಷಕ್ಕೊಮ್ಮೆ ಕಂಬ ಇಳಿಸಿ, ಹತ್ತಿಯ ಉಂಡೆಯನ್ನು ತಂತಿಗುಂಟ ಹಾಯಿಸುವುದು: ಕಣ್ಣಿಗೆ ಕಾಣದ ಒಂದು ಎಳೆ ಮುರಿದಿದ್ದರೂ ಹತ್ತಿ ಅಲ್ಲಿ ಸಿಕ್ಕಿಕೊಂಡು ಬಿಳಿಯ ಗುರುತು ಬಿಡುತ್ತದೆ. ನವಲಗುಂದ ತಾಲೂಕಿನ ಹತ್ತಿಯಲ್ಲಿ ಹೊರಳಾಡಿ ಬೆಳೆದವಳಿಗೆ ಇದೊಂದನ್ನು ಯಾರೂ ಕಲಿಸಬೇಕಾಗಲಿಲ್ಲ. ಆದರೆ ತಂತಿಯನ್ನು ಮುಟ್ಟುವ ಮೊದಲೇ ಕೇಳಬೇಕಾದ ಪ್ರಶ್ನೆಯೊಂದಿದೆ. ಇದರ ಮೇಲೆ ಏನೇನು ಹಾದು ಹೋಗಿದೆ? ಎಲ್ಲಿ ಬಡಿದಿತ್ತು, ಎಷ್ಟು ದಿನ ಸಡಿಲಿತ್ತು, ಯಾರು ಏನನ್ನು ಬಿಚ್ಚಿದ್ದರು? ಹೇಳುವವರು ನಿಜ ಹೇಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಹೊಸಬರಿಗೆ ಇದನ್ನೆಲ್ಲ ಹೇಳುವಾಗ ನನ್ನದೊಂದು ನಗೆಚಾಟಿಕೆ ಇತ್ತು. ಸಡಿಲಾದ ಗಂಟು ಕಂಡರೆ “ಇದು ಈರಪ್ಪನ ಗಂಟು” ಎನ್ನುತ್ತಿದ್ದೆ. ಕನ್ನಡ ಬಾರದವರೂ ಆ ಹೆಸರನ್ನು ಕಲಿತು, ಗಂಟು ಜಾರಿದಾಗ ದೂರದಿಂದಲೇ “ಈರಪ್ಪಾ!” ಎಂದು ಕೂಗಿ ನಗುತ್ತಿದ್ದರು. ಈರಪ್ಪ ಯಾರೆಂದು ಯಾರಾದರೂ ಕೇಳಿದರೆ, ನಮ್ಮ ಕಾಕಾ, ಜೋಕಾಲಿ ಕಟ್ಟಿದ್ದ, ಅತ್ತೆ ಬಿದ್ದಳು ಎಂದು ಮೂರು ತುಂಡಿನಲ್ಲಿ ಕಥೆ ಮುಗಿಸುತ್ತಿದ್ದೆ. ಮೂರು ತುಂಡೂ ನಿಜ. ನಡುವೆ ಬಿಟ್ಟದ್ದು ನನ್ನ ಪಾಲು. ಅದನ್ನು ಕಾಕಾನಿಗೆ ಹೇಳಿಬಿಡಬೇಕೆಂದು ಪ್ರತಿ ಪಂಚಮಿಗೂ ಊರಿಗೆ ಹೋದೆ, ಪ್ರತಿ ಪಂಚಮಿಗೂ ಉಂಡಿ ತಿಂದು ಬಾಯಿ ಒರೆಸಿಕೊಂಡು ಬಂದೆ. ಹಾಗೆ ಮೂವತ್ತೈದು ವರ್ಷ.

ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮನೆಯಿಂದ ತವರಿಗೆ ಬಂದು, ಎರಡು ದಿನ ಯಾರ ಮಾತೂ ಕೇಳದೆ ಜೋಕಾಲಿ ಜೀಕಿ ಹೋಗುವ ಹಬ್ಬ. ಆ ದಿನ ಒಲೆಯ ಮೇಲೆ ಹಂಚು ಇಡುವಂತಿಲ್ಲ, ನೆಲ ಅಗೆಯುವಂತಿಲ್ಲ, ಈಳಿಗೆ ಕುಡಗೋಲು ಮುಟ್ಟಿ ಏನನ್ನೂ ಕೊಯ್ಯುವಂತಿಲ್ಲ, ನಾಗಪ್ಪನಿಗೆ ತಾಕುತ್ತದೆ. ಅದಕ್ಕೇ ಹಿಂದಿನ ದಿನ ರೊಟ್ಟಿ ಹಬ್ಬ. ಅಂದು ಬೆಳಗಿನಿಂದ ನಮ್ಮ ಅಡುಗೆಮನೆಯಲ್ಲಿ ಅವ್ವ ಬಡಿಯುವುದು, ಆಯಿ ಬೇಯಿಸುವುದು, ಮನೆಮನೆಗೆ ರೊಟ್ಟಿ ಪಲ್ಯದ ತಾಟು ಹೋಗುವುದು, ಬೇರೆ ಮನೆಯ ತಾಟು ಬರುವುದು, ಯಾರ ಮನೆಯ ಬದನೆಕಾಯಿಗೆ ಎಣ್ಣೆ ಕಡಿಮೆ ಎಂದು ಆಯಿ ತೀರ್ಪು ಕೊಡುವುದು. ಹತ್ತು ವರ್ಷದ ನಾನು ತಾಟು ಹೊರುವವಳು. ಬೆಳಗ್ಗೆಯೇ ಕಾಕಾ ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಹಾಕಿದ್ದ. ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಕೊಂಬೆಯ ಮೇಲೆ ಹಾಸಿ, ಅದರ ಎರಡೂ ತುದಿಗೆ ಸಣ್ಣ ಹುರಿ ಕಟ್ಟಿ, ಆ ಗೋಣಿಯ ಮೇಲೆ ಹಗ್ಗವನ್ನು ಎರಡು ಸುತ್ತು ತಂದು ಕೆಳಗೆ ಗಂಟು ಹಾಕಿದ್ದ. ಎರಡೂ ಕಡೆ ಹಾಗೆಯೇ. ಆಮೇಲೆ ತಾನೇ ಜೋತುಬಿದ್ದು ನೋಡಿ, ಕುಂದಗೋಳ ಕಡೆಯ ಹಳ್ಳಿಗೆ ಕೊಟ್ಟಿದ್ದ ತನ್ನ ಅಕ್ಕನನ್ನು, ಅಂದರೆ ನಮ್ಮ ಗಂಗತ್ತೆಯನ್ನು, ಕರೆತರಲು ಬಸ್ಸು ಹಿಡಿದು ಹೋದ.

ನಮ್ಮ ಜೋಕಾಲಿಗೆ ಒಂದು ಕೊರತೆ ಇತ್ತು. ಅದು ಸದ್ದು ಮಾಡುತ್ತಿರಲಿಲ್ಲ. ಹಿಂದಿನ ಓಣಿಯಲ್ಲಿ ಯಾರದೋ ಜೋಕಾಲಿ ಕಿರ್ರ್ ಎಂದು ಹೋಗಿ ಕುಂಯ್ ಎಂದು ಬರುವುದು ಊರಿಗೆಲ್ಲ ಕೇಳುತ್ತಿತ್ತು. ನಮ್ಮದು ಗೋಣಿಯ ಮೇಲೆ ಕಳ್ಳನ ಹಾಗೆ ಓಡಾಡುತ್ತಿತ್ತು. ಗೋಡೆಯಾಚೆಯಿಂದ ಇಣುಕಿದ ನನ್ನ ವಾರಿಗೆಯ ಹುಡುಗಿಯೊಬ್ಬಳು ಹಚ್ಚಿಕೊಟ್ಟಳು:

“ನಿಮ್ಮ ಜೋಕಾಲಿ ಮೂಕ ಐತೇನಬೇ? ಕಟ್ಯಾರೋ ಇಲ್ಲೋ ಗೊತ್ತ ಆಗವಲ್ತು!”

ಮಧ್ಯಾಹ್ನ ಹೆಂಗಸರೆಲ್ಲ ಒಲೆಯ ಮುಂದೆ ಇದ್ದಾಗ ನಾನು ಬೇವಿನ ಮರ ಹತ್ತಿದೆ. ಭಾರವಿಲ್ಲದಾಗ ಸುತ್ತುಗಳು ಸಡಿಲಿರುತ್ತವೆ. ಹುರಿ ಬಿಚ್ಚಿ ಎಳೆದರೆ ಗೋಣಿ ಸುಮ್ಮನೆ ಬಂತು. ಎರಡನ್ನೂ ತೆಗೆದು ಕಣಿಕೆಯ ಬಣವೆಯೊಳಗೆ ತುರುಕಿದೆ. ಆಮೇಲೆ ನಮ್ಮ ಜೋಕಾಲಿ ಹಾಡಿದ್ದೇ ಹಾಡಿದ್ದು. ಓಣಿಯ ಹುಡುಗಿಯರೆಲ್ಲ ಬಂದರು, ಇಬ್ಬಿಬ್ಬರು ಎದುರುಬದುರು ನಿಂತು ಜೀಕ ಹೊಡೆದರು, ದೀಪ ಹಚ್ಚುವ ತನಕ ನಾನು ಹಿತ್ತಲಿನ ದೊರೆಸಾನಿ. ಹಗ್ಗ ಅಷ್ಟು ಹೊತ್ತೂ ಅರಚುತ್ತಿತ್ತು, ನಾನು ಅದನ್ನು ಹಾಡು ಅಂದುಕೊಂಡಿದ್ದೆ. ಯಾವುದು ಕಿರುಗುಟ್ಟುತ್ತದೋ ಅದು ಸವೆಯುತ್ತಿರುತ್ತದೆ ಎಂದು ಇವತ್ತು ಕಲಿಯಲು ಬಂದವರಿಗೆಲ್ಲ ಹೇಳುತ್ತೇನೆ. ಗೋಣಿಯನ್ನು ಮತ್ತೆ ಹಾಸಬೇಕೆಂದೇ ಇದ್ದೆ. ಅಷ್ಟರಲ್ಲಿ ತಲೆಬಾಗಿಲಲ್ಲಿ ಗಂಗತ್ತೆಯ ದನಿ ಕೇಳಿತು. ಅವಳು ಮನೆಗೆ ಬರುತ್ತಿರಲಿಲ್ಲ, ಮನೆಯ ಮೇಲೆ ಬೀಳುತ್ತಿದ್ದಳು.

“ಏ ಶಕ್ಕವ್ವಾ, ಎಲ್ಲದಿ? ಜೋಕಾಲಿ ಹಾಕ್ಯಾರಿಲ್ಲ? ಹದಿನಾಕ ಮಂದಿಗೆ ರೊಟ್ಟಿ ಬಡದು ಬಡದು ಬಂದೇನಬೇ. ನಾಳೆ ನನ್ನ ಕಾಲು ನೆಲಕ್ಕ ಹತ್ತಿದ್ರ ಕೇಳು!”

ಉಂಡಿಯ ಡಬ್ಬಿ ಬಿಚ್ಚಿತು. ಗೋಣಿ ಮರೆತೇಹೋಯಿತು.

ಮರುದಿನ ಬೆಳಗ್ಗೆ ಜಿನುಗು ಮಳೆ. ಕಾಕಾ ಮರ ಹತ್ತಿದವನು ಮೇಲಿನಿಂದಲೇ ಕೂಗಿದ. ಹಿತ್ತಲಲ್ಲಿ ಆಯಿ, ಅವ್ವ, ಅತ್ತೆ, ನಾನು, ನಾಲ್ಕೂ ಜನ ಇದ್ದೆವು.

“ಗೋಣಿತಟ್ಟು ಎಲ್ಲೈತಿ? ಯಾರ ತಗದ್ರಿ?”

“ಗಿಡ ಹತ್ತಿ ಯಾರ ತಗೀತಾರೋ? ರಾತ್ರಿ ಗಾಳಿಗೆ ಹಾರೇತಿ,” ಎಂದಳು ಆಯಿ.

“ಕಟ್ಟಿದ್ನೆಲ್ಲಬೇ ನಾ.”

“ಕಟ್ಟಿದ್ರ ಹಾರತಿತ್ತೇನು? ನಿನ್ನ ಗಂಟ ಸಡ್ಲ ಇತ್ತು.”

ಅತ್ತೆ ಚಪ್ಪಾಳೆ ತಟ್ಟಿ ನಕ್ಕಳು: “ನಮ್ಮ ಈರಪ್ಪನ ಗಂಟು! ಹಗ್ಗದ ಸಾವಕಾರ, ಗಂಟಿನ ಬಡವ!”

ಕಾಕಾ ನಗಲಿಲ್ಲ. ಕೊಂಬೆಯ ಮೇಲೆ ಕೂತು ಹಗ್ಗವನ್ನು ಬೆರಳಲ್ಲಿ ಹಿಚುಕಿ ನೋಡುತ್ತಿದ್ದ. ಅದು ಬೆಕ್ಕಿನ ಬಾಲದ ಹಾಗೆ ಕೂದಲು ಬಿಟ್ಟಿತ್ತು. ನನ್ನ ಕಡೆ ತಿರುಗಿದ.

“ಶಕ್ಕು, ನಿನ್ನಿ ನೀವೆಲ್ಲ ಜೀಕಿದ್ರೆಲ್ಲ, ಆವಾಗ ಗೋಣಿ ಇತ್ತೇನು?”

“ಇತ್ತು.”

ಬದುಕಿನಲ್ಲಿ ನನ್ನನ್ನು ಯಾರಾದರೂ ಹಗ್ಗದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು, ನಾನು ಕೊಟ್ಟ ಮೊದಲ ವರದಿ ಅದು.

“ಒಂದ ರಾತ್ರಿ ಗಾಳಿಗೆ ಇಷ್ಟ ಹೆಂಗ ಸವೀತು?” ಕಾಕಾ ತನಗೆ ತಾನೇ ಎಂಬಂತೆ ಅಂದ. ಆಮೇಲೆ ಕೈ ಚಾಚಿದ. “ಕುಡಗೋಲ ಕೊಡ್ರಿ. ಇಷ್ಟು ಕೊಯ್ದು ತಗದು ಬ್ಯಾರೆ ಕೂಡಸತೀನಿ.”

“ಪಂಚಮಿ ದಿನ ಕೊಯ್ಯತೀಯೇನೋ?” ಆಯಿ ಕುಡಗೋಲಿನ ಮುಂದೆಯೇ ನಿಂತಳು. “ನಾಗಪ್ಪಗ ಹಾಲ ಎರದಿಲ್ಲ ಇನ್ನಾ!”

“ಹಂಗಾರ ಇವತ್ತ ಯಾರೂ ಏರಬ್ಯಾಡ್ರಿ. ನಾಳೆ ಕೊಯ್ದು ಕಟ್ಟತೀನಿ.”

“ಮಗಳು ವರ್ಷಕ್ಕೊಮ್ಮಿ ಬಂದಾಳ. ಬರೇ ಜೋಕಾಲಿ ನೋಡಿ ಹೋಗಬೇಕೇನು? ನಿನ್ನಿ ದಿನಾ ಇಲ್ಲದ್ದು ಇವತ್ತ ಏನ ಆಗತೈತಿ? ಸುತ್ತು ಏನರೆ.”

ಕಾಕಾ ಸುತ್ತಿದ. ಹೊಸ ಗೋಣಿ ಹಾಸಿ, ತನ್ನದೊಂದು ಹಳೆಯ ಧೋತರವನ್ನು ಹರಿಯದೆ ಇಡಿಯಾಗಿ ಸವೆದ ಜಾಗಕ್ಕೆ ಬಿಗಿಯಾಗಿ ಸುತ್ತಿದ. ನೋಡಲು ಗಟ್ಟಿಯಾಗಿ, ಬೆಳ್ಳಗೆ, ಹಬ್ಬದ ಹಾಗೆ ಕಂಡಿತು. ಸವೆದ ಎಳೆ ಕಣ್ಣಿಗೂ ಅಂಗೈಗೂ ಮರೆಯಾಯಿತು. ಬರೀ ರಾತ್ರಿಯ ಗಾಳಿ ಎಂದು ನಂಬಿದವನಿಗೆ ಅಷ್ಟು ಸಾಕೆನಿಸಿದ್ದರಲ್ಲಿ ತಪ್ಪಿಲ್ಲ. ನಾನು ಹೇಳಿದ್ದರೆ, ಗೋಣಿಯಿಲ್ಲದೆ ಅರ್ಧ ದಿನ ಇಡೀ ಓಣಿ ಅದರ ಮೇಲೆ ಜೋತುಬಿದ್ದಿತ್ತು ಎಂದು ಬಾಯಿ ಬಿಟ್ಟಿದ್ದರೆ, ಅವನು ಆಯಿಯನ್ನೂ ನಾಗಪ್ಪನನ್ನೂ ಎದುರು ಹಾಕಿಕೊಂಡು ಜೋಕಾಲಿಯನ್ನು ಇಳಿಸುತ್ತಿದ್ದ. ಅಷ್ಟು ನನಗೆ ಆಗಲೂ ಗೊತ್ತಿತ್ತು. ಆಮೇಲೆ ಮಣ್ಣಿನ ನಾಗಪ್ಪನ ಮುಂದೆ ಎಲ್ಲರೂ ಸಾಲಾಗಿ ಕೂತು, ಕೊಬ್ಬರಿ ಬಟ್ಟಲಿನಿಂದ ಹಾಲು ಎರೆಯುತ್ತ, ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಹೇಳುವಾಗ ನಾನು ಕಾಕಾನ ಪಾಲು ಎರಡು ಸಲ ಎರೆದೆ. ಭಕ್ತಿಯಲ್ಲ, ಲಂಚ.

ಗಂಗತ್ತೆ ಊಟವಾದ ಮೇಲೆ ಹತ್ತಿದಳು. ಸೀರೆಯ ನೆರಿಗೆ ಕಾಲ ನಡುವೆ ಸಿಕ್ಕಿಸಿ, ನಿಂತೇ ಜೀಕಿದಳು. ಮೂರನೆಯ ಜೀಕಿಗೆ ಬೇವಿನ ಟೊಂಗೆ ತಲೆಗೆ ತಾಕಿತು, ಐದನೆಯದಕ್ಕೆ ಅವಳ ನಗು ಓಣಿಯಾಚೆ ಕೇಳಿತು. ಅಂದು ಜೋಕಾಲಿ ಮತ್ತೆ ಮೂಕವಾಗಿತ್ತು. ಅದು ಹರಿದ ಸದ್ದು ನನಗೆ ನೆನಪಿಲ್ಲ. ಅವಳ ನಗು ನಡುವೆಯೇ ನಿಂತದ್ದು ನೆನಪಿದೆ. ಬಲಗೈ ಊರಿಕೊಂಡು ಬಿದ್ದಳು.

“ಏನೂ ಆಗಿಲ್ಲ, ಏನೂ ಆಗಿಲ್ಲ. ಸೀರಿ ನೋಡ್ರಿ, ಹೊಸಾದು, ಹರದೈತೇನು?” ಎನ್ನುತ್ತ ಏಳಲು ಹೋದವಳು ತನ್ನ ಮಣಿಕಟ್ಟನ್ನು ನೋಡಿ ಮತ್ತೆ ಕೂತಳು.

ಎಲ್ಲರೂ ಅವಳ ಸುತ್ತ ಬಾಗಿದ್ದರು. ಮೇಲೆ ನೋಡಿದವಳು ನಾನೊಬ್ಬಳೇ. ಕಾಕಾ ಹಾಕಿದ ಎರಡೂ ಗಂಟು ಕೊಂಬೆಯ ಕೆಳಗೆ ಹಾಕಿದ ಹಾಗೇ ಇದ್ದವು. ಧೋತರದ ಸುತ್ತಿನೊಳಗಿನಿಂದ ಹಗ್ಗ ಹಲ್ಲು ಕಿತ್ತ ಹಾಗೆ ಹೊರಬಂದಿತ್ತು.

ಕೈ ಕಟ್ಟುವವನು ಬಂದು ಕಟ್ಟಿದ, ಎಲುಬು ಸ್ವಲ್ಪ ಸೊಟ್ಟಗೆ ಕೂಡಿತು. ಅತ್ತೆ ಕೊರಳಿಗೆ ಕೈ ಕಟ್ಟಿಕೊಂಡು ಗಂಡನ ಮನೆಗೆ ಹೋದಳು. ಆಮೇಲೆ ಅವಳ ರೊಟ್ಟಿ ಎಂದೂ ದುಂಡಗೆ ಬರಲಿಲ್ಲ; ಹದಿನಾಲ್ಕು ಜನರ ಮನೆಯಲ್ಲಿ ಅದನ್ನು ಮೊದಲು ಕರುಣೆಯಿಂದ, ಆಮೇಲೆ ತಮಾಷೆಯಿಂದ, ಆಮೇಲೆ ಅಭ್ಯಾಸದಿಂದ ಆಡಿಕೊಂಡರು. ನಮ್ಮ ಮನೆಯಲ್ಲಿ ಆಡಿಕೊಳ್ಳಲು ಕಾಕಾ ಇದ್ದ. ಗಂಟು ಸಡಿಲ ಕಟ್ಟಿ ಅಕ್ಕನ ಕೈ ಮುರಿದವ ಎಂದು ಆಯಿ ಹೇಳಿದ್ದೇ ಊರಿಗೆ ಪ್ರಮಾಣವಾಯಿತು. ಲಂಗದ ಲಾಡಿ ಬಿಚ್ಚಿದರೆ ಈರಪ್ಪನ ಗಂಟು. ಮಲ್ಲಿಗೆ ಮಾಲೆ ಜಾರಿದರೆ ಈರಪ್ಪನ ಗಂಟು. ಅವನ ಮದುವೆಯಲ್ಲಿ, ತಾಳಿ ಕಟ್ಟುವ ಹೊತ್ತಿಗೆ, ಹೆಂಗಸರ ಗುಂಪಿನಿಂದ ಯಾರೋ “ಗಟ್ಟಿ ಕಟ್ಟೋ ಈರಪ್ಪಾ!” ಎಂದು ಕೂಗಿದರು. ಹಂದರವೆಲ್ಲ ನಕ್ಕಿತು, ಕಾಕಾನೂ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವಳು ಯಾರೆಂದು ಹೇಳಬೇಕಾಗಿಲ್ಲ. ನಗುವವರ ಗುಂಪಿನಲ್ಲಿ ನಿಂತರೆ ಯಾರೂ ನಮ್ಮ ಮುಖ ನೋಡುವುದಿಲ್ಲ ಎಂಬುದನ್ನು ನಾನು ಆಗಲೇ ಕಲಿತಿದ್ದೆ. ಆ ವರ್ಷದೊಳಗೆ ಗೋಡೆಯ ಹಗ್ಗಗಳೆಲ್ಲ ಕಾಣೆಯಾಗಿ, ಪೇಟೆಯ ನೀಲಿ ನೈಲಾನು ಬಂತು. ಕಾಕಾ ಮತ್ತೆ ನಾರು ಕೊಳೆಹಾಕಲಿಲ್ಲ. ಮಾತು ನಾಟಿತು ಎಂದಳು ಅವ್ವ. ಹಿತ್ತಲಲ್ಲಿ ಜೋಕಾಲಿ ಹಾಕುವುದೂ ನಿಂತಿತು.

ನನ್ನಲ್ಲಿ ಅಂದಿನಿಂದ ಈ ನೋಡುವ ಚಟ ಹತ್ತಿತು. ಕದದ ಅಗುಳಿ, ಗಡಿಗೆಯ ಸಿಂಬಿ, ತೊಟ್ಟಿಲ ಕೊಂಡಿ. ಜನ ಇದನ್ನು ಎಚ್ಚರಿಕೆ ಎನ್ನುತ್ತಾರೆ, ಸಂಬಳವನ್ನೂ ಕೊಡುತ್ತಾರೆ. ನಾನು ಬೇಡ ಎಂದದ್ದಿಲ್ಲ.

ಈ ಬೇಸಿಗೆಯ ಕೊನೆಯಲ್ಲಿ, ಮಳೆಗೆ ಕೇಂದ್ರ ಮುಚ್ಚುವ ವಾರ, ನಮ್ಮದೊಂದು ಹಾಯಿಕಂಬ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ತುಂಡುಗಳನ್ನು ಅಂಗಳದಲ್ಲಿ ಹರಡಿಕೊಂಡು ಕೂತಾಗ ಕಾರಣ ಸಿಕ್ಕಿತು: ಪಿನ್ನು ಜಾರದಂತೆ ಹಿಡಿಯುವ ಸಣ್ಣ ಉಂಗುರ ತುಕ್ಕು ತಿಂದು ಹೋಗಿತ್ತು, ಅದು ಹೋದದ್ದು ಕಾಣದಂತೆ ಮೇಲೆ ಟೇಪು ಸುತ್ತಿತ್ತು. ಹಾಯಿಗೆ ಚುಚ್ಚಬಾರದೆಂದು ಟೇಪು ಸುತ್ತಿದವಳು ನಾನು, ಇಡೀ ಹಂಗಾಮು ಅದನ್ನು ಬಿಚ್ಚಿ ನೋಡದವಳೂ ನಾನು. ಗ್ಯಾಸನ್ನು ನಾಲ್ಕು ಸಲ ನೋಡುವವಳು! ವರದಿಯ ಕಾಗದದಲ್ಲಿ ‘ಕಾರಣ’ ಎಂಬ ಮನೆಯಲ್ಲಿ ಇಷ್ಟನ್ನೂ ಬರೆದು ಸಹಿ ಹಾಕಿದೆ. ಹತ್ತು ನಿಮಿಷ ಹಿಡಿಯಿತು. ನೆಲ ಬಾಯಿ ಬಿಡಲಿಲ್ಲ, ಕೆಲಸ ಹೋಗಲಿಲ್ಲ. ಹತ್ತು ನಿಮಿಷದ ಕೆಲಸ ಎಂದು ಗೊತ್ತಾದದ್ದೇ ನನಗೆ ಹೆಚ್ಚು ನಾಚಿಕೆ ತಂದದ್ದು. ಈ ಪಂಚಮಿಗೆ ಊರಿಗೆ ಹೋದಾಗ ಉಂಡಿಗೆ ಕೈ ಹಾಕುವ ಮೊದಲೇ ಹೇಳಿಬಿಡಬೇಕೆಂದು ಬಸ್ಸಿನಲ್ಲಿ ತಾಲೀಮು ಮಾಡಿಕೊಂಡೆ.

ಕಾಕಾ ಪಡಸಾಲೆಯ ಕಟ್ಟೆಯ ಮೇಲೆ ಹೊಸ ಹೆಸರುಕಾಳಿನ ಕಾಯಿ ಬಿಡಿಸುತ್ತ ಕೂತಿದ್ದ. ಕಾಕಿ ಒಳಗೆ ಕಡಬು ಬೇಯಿಸುತ್ತಿದ್ದಳು. ಮಂಡಿನೋವಿನಿಂದ ಗಂಗತ್ತೆ ಈ ಸಲ ಬಂದಿರಲಿಲ್ಲ. ನಾನೂ ಕಾಯಿ ಬಿಡಿಸಲು ಕೂತೆ.

“ಕಾಕಾ, ಒಂದು ಮಾತು ಹೇಳೂದೈತಿ.”

“ಹೇಳಬೇ. ಮಗಳ ಮದುವಿ ಗೊತ್ತಾತೇನು?”

“ಅಲ್ಲ. ಆ ಜೋಕಾಲಿದು. ಗೋಣಿತಟ್ಟು ನಾನ ತಗದಿದ್ದೆ.”

ಅವನ ಕೈಗಳು ಇನ್ನೆರಡು ಕಾಯಿ ಬಿಡಿಸಿದವು. ಆಮೇಲೆ ನಿಂತವು.

“ಯಾವಾಗ?”

“ರೊಟ್ಟಿ ಹಬ್ಬದ ದಿನ. ನೀ ಅತ್ತಿನ್ನ ಕರ್ಯಾಕ ಹೋದ ಮ್ಯಾಲೆ.”

“ಮುಂಜಾನೆನೋ ಮಧ್ಯಾಹ್ನನೋ?”

“ಮಧ್ಯಾಹ್ನ.”

“ಆಮ್ಯಾಲೆ ಜೀಕಿದ್ರೇನು?”

“ದೀಪ ಹಚ್ಚೂತನಕ.”

“ಎಷ್ಟ ಮಂದಿ?”

“ಓಣಿ ಹುಡುಗ್ಯಾರೆಲ್ಲ. ಇಬ್ಬಿಬ್ಬರು ನಿಂತು.”

ಬೈಗುಳಕ್ಕೆ ನಾನು ಸಿದ್ಧಳಿದ್ದೆ, ಕಣ್ಣೀರಿಗೂ ಸಿದ್ಧಳಿದ್ದೆ, “ಹೋಗ್ಲಿ ಬಿಡವಾ” ಎಂಬುದಕ್ಕಂತೂ ಬಸ್ಸಿನಲ್ಲೇ ಅರ್ಧ ಅತ್ತು ಮುಗಿಸಿದ್ದೆ. ತಪಾಸಣೆಗೆ ಸಿದ್ಧಳಿರಲಿಲ್ಲ. ನಾನು ಎಲ್ಲರನ್ನೂ ಕೇಳುವ ಪ್ರಶ್ನೆಗಳನ್ನು, ನಾನು ಕೇಳುವ ಕ್ರಮದಲ್ಲೇ, ಅವನು ಕೇಳಿದ.

“ಹಂಗಾರ ನಾ ಅರಿವಿ ಸುತ್ತೂ ಮುಂದ ಒಳಗ ಏನೂ ಉಳದಿರಲಿಲ್ಲ,” ಅಂದ. “ನಾರು ಕೊಳಿಯಾಕ ಹಾಕಿದ್ದು ಹೆಚ್ಚಾತು ಅನಕೊಂಡಿದ್ದೆ ನಾ. ಆ ವರ್ಷ ಹಳ್ಳ ಬಂದು ತಗ್ಯಾಕ ಎರಡ ದಿನಾ ತಡಾ ಆಗಿತ್ತು. ಒಂದ ರಾತ್ರಿ ಗಾಳಿ ತಡೀಲಿಲ್ಲ ನನ್ನ ಹಗ್ಗ, ಇನ್ನ ಎತ್ತಿಗೆ ಹೆಂಗ ಹಾಕಲಿ, ಮಂದೀನ ಹಗೇವಿಗೆ ಹೆಂಗ ಇಳಸಲಿ? ಎಲ್ಲಾ ಕಾಮನ ಬೆಂಕಿಗೆ ಹಾಕಿದೆ.”

“ಮಂದಿ ಗಂಟಿಂದು ಆಡಿಕೊಂಡ್ರಂತ ಬಿಟ್ಟಿ ಅಂತ…”

“ಗಂಟಿನ ಮಾತು ನನಗ ಹತ್ತಿದ್ದಿಲ್ಲಬೇ. ಗಂಟು ಗಟ್ಟಿ ಇತ್ತು, ಇಳಸಾಕ ಹೋದಾಗ ನಾನ ಬಿಚ್ಚೇನಿ. ಹಗ್ಗದ ಮ್ಯಾಲೆ ನನಗ ಅನುಮಾನ ಬಂತು. ಕೈ ಮ್ಯಾಲೆ ಬಂತು.”

ಮೂವತ್ತೈದು ವರ್ಷ ನಾನು ತಪ್ಪು ಜಾಗ ಮುಟ್ಟಿ ನೋಡುತ್ತಿದ್ದೆ. ಅವನಿಗೆ ನೋವಾಗಿದ್ದರೆ ನಗೆಯಿಂದ ಎಂದುಕೊಂಡು, ಹಬ್ಬಕ್ಕೆ ಹೋದಾಗಲೆಲ್ಲ ಅಂಗಿ ಬಟ್ಟೆ ಒಯ್ದು ಸಮಾಧಾನ ಮಾಡಿಕೊಂಡಿದ್ದೆ. ಅವನಿಗೆ ಬೇಕಾಗಿದ್ದದ್ದು ಒಂದು ವಿವರ: ಮಧ್ಯಾಹ್ನದಿಂದ ದೀಪ ಹಚ್ಚುವ ತನಕ. ಹೇಳಬಾರದ್ದನ್ನು ಹೇಳಿದೆ:

“ನನಗೂ ಅವತ್ತಿನಿಂದ ಸುಖದ ನಿದ್ದಿ ಬಂದಿಲ್ಲ ಕಾಕಾ.”

“ನಿನ್ನ ನಿದ್ದಿ ತಗೊಂಡು ನಾ ಏನ ಮಾಡ್ಲಿ?” ದನಿ ಏರಲಿಲ್ಲ. “ಗೋಣಿ ತಗದಿದ್ದು ಹುಡುಗಾಟಿಕಿ. ‘ಇತ್ತು’ ಅಂದಿ, ಅದೂ ಹೋಗ್ಲಿ, ಅಂಜಿದ್ದಿ. ಆಮ್ಯಾಲೆ ದೊಡ್ಡಾಕ್ಯಾದಿ. ಹಗ್ಗದ ಕೆಲಸಾನ ಹಿಡದಿ. ಯಾವ ಮಾತು ಯಾರಿಗೆ ಬೇಕಾಗಿತ್ತು ಅಂತ ನಿನಗ ತಿಳೀಲಿಲ್ಲೇನು?”

ಅವನು ಮಡಿಲಿನ ಸಿಪ್ಪೆ ಕೊಡವಿ, ಕಿಸೆಯಿಂದ ಫೋನು ತೆಗೆದು, ಕಣ್ಣಿನ ಹತ್ತಿರ ಹಿಡಿದು ಹೆಸರು ಹುಡುಕಿ ಒತ್ತಿದ.

“ಅಕ್ಕಾ, ಶಕ್ಕು ಬಂದಾಳ. ಏನೋ ಹೇಳತಾಳ, ಕೇಳು.” ಫೋನನ್ನು ನನಗೆ ಕೊಡುವ ಮುಂಚೆ ಅದರ ಮೇಲೆ ಅಂಗೈ ಮುಚ್ಚಿ ಹೇಳಿದ: “ಗೋಣಿಯಿಂದ ಸುರು ಮಾಡಬ್ಯಾಡ. ‘ಇತ್ತು’ ಅಂದಿಯಲ್ಲ, ಅಲ್ಲಿಂದ ಸುರು ಮಾಡು.”

ಅಲ್ಲಿಂದ ಶುರು ಮಾಡಿದೆ. ಅತ್ತೆಯ ಮನೆಯಲ್ಲಿ ಟೀವಿ ಹಚ್ಚಿತ್ತು. ನಾನು ಹೇಳುತ್ತ ಹೋದಂತೆ ಅದರ ಸದ್ದು ಕಡಿಮೆಯಾಗಿ, ನಿಂತೇಹೋಯಿತು. ಮರ ಹತ್ತಿದ್ದು, ಬಣವೆಯಲ್ಲಿ ಮುಚ್ಚಿಟ್ಟದ್ದು, ಆಮೇಲೆ ನಕ್ಕದ್ದು, ಕಾರವಾರದ ದಂಡೆಯ ಮೇಲೂ ಅದೇ ಹೆಸರು ಹೇಳಿ ನಗಿಸಿದ್ದು, ಎಲ್ಲವನ್ನೂ ಹೇಳಿದೆ. ಕ್ಷಮಿಸು ಎನ್ನುವಲ್ಲಿಗೆ ಬಂದಾಗ ಆಕೆ ತಡೆದಳು.

“ಈರಪ್ಪ ಅಲ್ಲೇ ಬಾಜೂಕ ಅದಾನೇನು?”

“ಅದಾನ ಅತ್ತಿ.”

“ಅವಗ ಕೊಡು.”

ಕೊಟ್ಟೆ. ಕಾಕಾ ಫೋನನ್ನು ಎರಡೂ ಕೈಯಿಂದ ಹಿಡಿದು ಗೋಡೆಯ ಕಡೆ ತಿರುಗಿ ಕೂತ. ಕಾಕಿ ಅಡುಗೆಮನೆಯಿಂದ ಬಂದವಳು ನನ್ನ ಮುಖ ನೋಡಿ, ಅವನ ಬೆನ್ನು ನೋಡಿ, ಅವನ ಪಕ್ಕ ಕೂತಳು. ನಾನು ಕಟ್ಟೆ ಇಳಿದು, ಎತ್ತುಗಳನ್ನು ದಾಟಿ, ತಲೆಬಾಗಿಲ ಹೊರಗೆ ಬಂದು ನಿಂತೆ. ಒಳಗಿನಿಂದ ಮೊದಲು ಬರೀ ಹೂಂ, ಹೂಂ ಎಂಬುದಷ್ಟೇ ಕೇಳುತ್ತಿತ್ತು. ಆಮೇಲೆ ಅವನು, ಕಿವಿ ಕೇಳದವರಿಗೆ ಹೇಳುವ ಹಾಗೆ ದೊಡ್ಡ ದನಿಯಲ್ಲಿ, ಎರಡೆರಡು ಸಲ ಹೇಳಿದ:

“ಹಗ್ಗ ಚಲೋ ಇತ್ತಕ್ಕಾ. ಹಗ್ಗ ಚಲೋ ಇತ್ತು.”

ನಾನು ಚಪ್ಪಲಿ ಹಾಕಿಕೊಂಡೆ, ಬಿಚ್ಚಿದೆ, ಮತ್ತೆ ಹಾಕಿಕೊಂಡೆ. ಅವರ ಮಾತು ಬಹಳ ಹೊತ್ತು ನಡೆಯಿತು, ನಡುವೆ ಒಮ್ಮೆ ಕಾಕಾ ನಕ್ಕ. ಒಳಗಿನಿಂದ ನನ್ನನ್ನು ಯಾರೂ ಕರೆಯಲಿಲ್ಲ.